ದಿಬ್ಬೂರಹಳ್ಳಿಗೆ ಡೆವಲಪರ್ ಹುಡುಕಿದ ವರ್ಷ

ಹೋದ ವಾರ ಚಿಂತಾಮಣಿಯಲ್ಲಿ ನೆಂಟರೊಬ್ಬರ ಮದುವೆ. ಊಟ ಮುಗಿಸಿ ಕೈ ತೊಳೆಯಲು ಹೋದರೆ, ಅಲ್ಲಿ ಯಾರೋ ಆಗಷ್ಟೇ ನೆಲಕ್ಕೆ ಬ್ಲೀಚಿಂಗ್ ಪೌಡರ್ ಹಾಕಿ ತೊಳೆದಿದ್ದರು. ಸುಣ್ಣವೂ ಬ್ಲೀಚಿಂಗೂ ಬೆರೆತ ಆ ಹಸಿ ಘಾಟು ಮೂಗಿಗೆ ಬಡಿದದ್ದೇ ನಾನು ನಲ್ಲಿ ತಿರುಗಿಸುವುದನ್ನು ಮರೆತು ನಿಂತುಬಿಟ್ಟೆ. ಹಿಂದಿದ್ದ ನನ್ನ ತಂಗಿ, "ಯಾಕಕ್ಕ, ತಲೆ ಸುತ್ತುತ್ತಾ?" ಅಂದಳು. ತಲೆ ಸುತ್ತಿರಲಿಲ್ಲ. ದಿಬ್ಬೂರಹಳ್ಳಿಯ ಚಾಕಿ ಕೇಂದ್ರದ ಬಾಗಿಲಲ್ಲಿ, ಕಾಲಡಿಯ ಬಿಳಿ ಪುಡಿಯ ಮೇಲೆ ನಿಂತಂತಾಗಿತ್ತು. ಮೂರು ವರ್ಷದ ಹಿಂದಿನ ಮುಂಗಾರು ಪೂರ್ತಿ ನನ್ನ ಸೀರೆ, ತಲೆಕೂದಲು, ಊಟದ ಡಬ್ಬಿ ಎಲ್ಲವೂ ಇದೇ ವಾಸನೆ ಹೊಡೆಯುತ್ತಿದ್ದವು.

ಚಾಕಿ ಅಂದರೆ ಎಳೆಯ ರೇಷ್ಮೆ ಹುಳು. ಮೊಟ್ಟೆಯೊಡೆದು ಬಂದ ಹುಳುವನ್ನು ಎರಡನೇ ಜ್ವರ ಏಳುವವರೆಗೆ ಒಂದೇ ಕಡೆ ಸಾಕಿ, ಆಮೇಲೆ ರೈತರ ಮನೆಗೆ ತಲುಪಿಸುವುದು ಕೇಂದ್ರದ ಕೆಲಸ. ಜ್ವರ ಅಂದರೆ ಕಾಯಿಲೆಯಲ್ಲ. ಹುಳು ಮೇವು ಬಿಟ್ಟು ಅಲುಗಾಡದೆ ಮಲಗಿ ಪೊರೆ ಕಳಚುವ ಹೊತ್ತಿಗೆ ನಮ್ಮ ಕಡೆ ಹಾಗನ್ನುತ್ತಾರೆ. ಸುತ್ತಲಿನ ಬೆಳೆಗಾರರು ಸೇರಿ ಆ ಕೇಂದ್ರ ನಡೆಸುತ್ತಿದ್ದರು, ನಾನು ಅದರ ಕಾರ್ಯದರ್ಶಿ. ಇಲ್ಲಿ ಎಲ್ಲ ನಿಂತಿರುವುದು ತಾರೀಕಿನ ಮೇಲೆ. ಹುಳು ಬರುವ ದಿನಕ್ಕೆ ಸರಿಯಾಗಿ ತೋಟದಲ್ಲಿ ಹಿಪ್ಪುನೇರಳೆ ಸೊಪ್ಪು ಇರಬೇಕು. ಸೊಪ್ಪಿಲ್ಲದ ಮನೆಗೆ ಹುಳು ಹೋದರೆ ಸಾಯುತ್ತದೆ, ಹುಳುವಿಲ್ಲದ ತೋಟದಲ್ಲಿ ಸೊಪ್ಪು ಹಳದಿಯಾಗುತ್ತದೆ. ಆ ತಾರೀಕುಗಳನ್ನು ರತ್ನಮ್ಮ ಎಂಬ ಹೆಂಗಸು ಉದ್ದನೆಯ ರಿಜಿಸ್ಟರಿನಲ್ಲಿ ಬರೆದುಕೊಂಡು, ಒಬ್ಬೊಬ್ಬ ರೈತರಿಗೂ ಫೋನು ಮಾಡಿ ಹೇಳುತ್ತಿದ್ದಳು. ಹುಳು ಸಾಕುವವಳೂ ಅವಳೇ.

ಚೆನ್ನಾಗಿಯೇ ನಡೆಯುತ್ತಿತ್ತು. ನಮ್ಮ ಅಧ್ಯಕ್ಷರು ವೆಂಕಟರೆಡ್ಡಿ ಬೆಂಗಳೂರಿನಲ್ಲಿ ಯಾವುದೋ ಸಮಾವೇಶಕ್ಕೆ ಹೋಗಿಬರದಿದ್ದರೆ ಹಾಗೆಯೇ ನಡೆಯುತ್ತಿತ್ತು. ಕೊರಳಲ್ಲಿ ಹಾಕಿದ್ದ ಗುರುತಿನ ಪಟ್ಟಿಯನ್ನು ಊರಿಗೆ ಬಂದು ಎರಡು ದಿನವಾದರೂ ತೆಗೆಯದೆ ಓಡಾಡಿದ ಮನುಷ್ಯ ಅವರು. ಸಭೆ ಕರೆದು, ನನ್ನ ಕಡೆ ಕೈ ತೋರಿಸಿ, "ಎಲ್ಲಾರ್ಗೂ ಆಪ್ ಐತೆ, ನಮಗ್ಯಾಕಿಲ್ಲ? ರಿಜಿಸ್ಟರ್ ಗಿಜಿಸ್ಟರ್ ಎಲ್ಲಾ ಹಳೇ ಕಾಲ. ಸರೋಜಮ್ಮ ಬಿಎಸ್ಸಿ ಓದವ್ರೆ, ಒಳ್ಳೆ ಡೆವಲಪರ್‌ನ ಹುಡುಕಲಿ" ಅಂದರು. ಆಪ್ ಏನು ಮಾಡಬೇಕು ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ನನಗೆ ಸಂತೋಷವಾಗಿತ್ತು. ಮನುಷ್ಯರನ್ನು ಎದುರಿಗೆ ಕೂರಿಸಿಕೊಂಡು ಅಳೆಯುವುದರಲ್ಲಿ ನನ್ನಂಥವಳು ತಾಲ್ಲೂಕಿನಲ್ಲಿಲ್ಲ ಎಂದು ನಂಬಿದ್ದವಳು ನಾನು.

ಪೂರ್ತಿ ಸಂಬಳ ಕೊಟ್ಟು ಇಟ್ಟುಕೊಳ್ಳುವಷ್ಟು ಕೆಲಸ ನಮ್ಮಲ್ಲಿರಲಿಲ್ಲ. ಒಂದು ಕೆಲಸ ಒಪ್ಪಿಕೊಂಡು, ಮುಗಿಸಿ ಹೋಗುವ ಫ್ರೀಲಾನ್ಸ್ ಜನ ಬೇಕಿತ್ತು. ಮೇ ತಿಂಗಳ ಸೆಕೆಯಲ್ಲಿ, ತಗಡಿನ ಮಾಡಿನ ಆಫೀಸಿನಲ್ಲಿ ಅವರನ್ನು ಒಬ್ಬೊಬ್ಬರಾಗಿ ಕರೆಸಿದೆ. ಮೊದಲು ಬಂದವನು ಗೌರಿಬಿದನೂರಿನವನು, ವೆಂಕಟರೆಡ್ಡಿಯವರ ಹೆಂಡತಿಯ ಕಡೆಯವನು. ತಾನು ಫುಲ್ ಸ್ಟಾಕ್ ಎಂದು ಹೇಳಿಕೊಂಡ. ಹಾಗೆಂದರೇನು ಎಂದೆ. "ಎಲ್ಲಾ ಬರುತ್ತೆ ಆಂಟಿ" ಅಂದ. ಏನು ಮಾಡಿದ್ದೀಯ ಅಂದರೆ, ಅವರಪ್ಪನ ಹಾರ್ಡ್‌ವೇರ್ ಅಂಗಡಿಯ ಫೋಟೊ ಮತ್ತು ಫೋನ್ ನಂಬರ್ ಇದ್ದ ಒಂದು ಪುಟ ತೋರಿಸಿದ. ನಂಬರಿನಲ್ಲಿ ಒಂದು ಅಂಕಿ ಕಮ್ಮಿ ಇತ್ತು. ಅವನಿಗೆ ಮಜ್ಜಿಗೆ ಕುಡಿಸಿ ಕಳಿಸಿದೆ.

ಕಳವಾರದಿಂದ ಒಬ್ಬ ಬಂದ. ಬೆಟ್ಟ ಹತ್ತಲು ಬರುವವರಿಗೆ ಬುಕಿಂಗ್ ಮಾಡಿಕೊಡುತ್ತೇನೆ ಅಂದ. ಮಾತೆತ್ತಿದರೆ ಎಐ. ಹುಳುವಿನ ಫೋಟೊ ತೆಗೆದರೆ ಸಾಕು, ಅದಕ್ಕೆ ಏನಾಗಿದೆ, ಎಷ್ಟು ಗೂಡು ಕಟ್ಟುತ್ತದೆ, ಯಾವ ರೇಟಿಗೆ ಹೋಗುತ್ತದೆ, ಎಲ್ಲ ತಾನೇ ಹೇಳುತ್ತದಂತೆ. ಹುಳು ನೋಡಿದ್ದೀಯೇನಪ್ಪ ಅಂದರೆ, "ಅದಕ್ಕೇ ಡೇಟಾ ಬೇಕು ಮೇಡಂ" ಅಂದ. ಕಿಟಕಿಯ ಆಚೆಗೆ ಲಕ್ಷಗಟ್ಟಲೆ ಹುಳು ಮೇಯುತ್ತಿದ್ದವು. ಅವನು ತಲೆ ತಿರುಗಿಸಿಯೂ ನೋಡಲಿಲ್ಲ. ಇವರ ಬಗ್ಗೆ ನನಗೆ ಆಗ ಇದ್ದ ತಾತ್ಸಾರ ಈಗಲೂ ಒಂದು ಚೂರೂ ಕರಗಿಲ್ಲ. ಒಂದು ಕಸುಬನ್ನು ಕಲಿಯದೆ ಅದರ ಹೆಸರನ್ನು ಮಾತ್ರ ಕಲಿತವರು ಅವರು. ಎರಡು ವಾರದಲ್ಲಿ ಅಂಥವರನ್ನು ಹತ್ತು ಹನ್ನೆರಡು ಜನ ನೋಡಿದೆ.

ಆ ಸಾಲಿನಲ್ಲೇ ಶಾಹಿನಾ ಬಂದದ್ದು. ಶಿಡ್ಲಘಟ್ಟದವಳು, ಮೂವತ್ತರ ಆಚೀಚೆ ವಯಸ್ಸು, ಗೂಡಿನಿಂದ ನೂಲು ತೆಗೆಯುವ ಬಿಚ್ಚಾಣಿಕೆ ಮನೆಯ ಸೊಸೆ. ಹೊರದೇಶದ ಯಾವುದೋ ಕಂಪನಿಗೆ ಮನೆಯಿಂದಲೇ ತುಂಡು ಕೆಲಸ ಮಾಡಿಕೊಡುತ್ತೇನೆ ಅಂದಳು. ಕೆಲಸ ತೋರಿಸು ಅಂದೆ.

"ತೋರಿಸೋ ಥರದ್ದು ಇಲ್ಲ ಮೇಡಂ. ಆಸ್ಪತ್ರೆಗಳ ಅಪಾಯಿಂಟ್‌ಮೆಂಟು ಒಂದರ ಮೇಲೊಂದು ಬೀಳದಂಗೆ ನೋಡ್ಕೊಳೋದು. ಒಳಗಡೆ ಓಡ್ತಾ ಇರುತ್ತೆ. ಸರಿಯಾಗಿದ್ರೆ ಯಾರ್ಗೂ ಕಾಣ್ಸಲ್ಲ" ಅಂದಳು.

ಕಾಣಿಸದ ಕೆಲಸ ಎಂಬ ಮಾತೇ ನನಗೆ ನಗು ತರಿಸಿತು. ಅಷ್ಟರಲ್ಲಿ ಅವಳೇ ಕೇಳತೊಡಗಿದಳು. ಹುಳು ಒಂದು ದಿನ ತಡವಾದರೆ ಏನು ಮಾಡ್ತೀರ? ತಾರೀಕು ಬದಲಾಯಿಸೋರು ಯಾರು? ಬರೆಯೋ ಪುಸ್ತಕ ನೋಡಬಹುದಾ? ಬರೆಯೋ ಅಮ್ಮನ ಹತ್ರ ಮಾತಾಡಬಹುದಾ? ಕೆಲಸ ಕೇಳಲು ಬಂದವಳು ನನ್ನನ್ನೇ ಪರೀಕ್ಷೆಗೆ ಕೂರಿಸಿದಂತಿತ್ತು. ಕೊನೆಗೆ, "ನೀವು ಹೇಳೋದು ನೋಡಿದ್ರೆ ಆಪೇ ಬೇಡವೇನೋ. ಬರೀ ಫೋನ್ ಹೋಗೋದು ಒಂದು ಮಾಡಿದ್ರೆ ಸಾಕೇನೋ" ಅಂದಳು.

"ಇಂಗ್ಲಿಷಲ್ಲಿ ಒಂದು ಪ್ರಪೋಸಲ್ ಬರ್ಕೊಂಡು ಬಾಮ್ಮ, ನೋಡಣ" ಅಂದೆ. ಬರೆದುಕೊಂಡು ಬರಲಿ ಎಂದಲ್ಲ, ಬಾರದಿರಲಿ ಎಂದು. ಅವಳಿಗೂ ಅದು ತಿಳಿಯಿತು. ಕುರ್ಚಿಯನ್ನು ಮೊದಲಿದ್ದ ಜಾಗಕ್ಕೆ ಸರಿಸಿಟ್ಟು ಎದ್ದುಹೋದಳು.

ಆಮೇಲೆ ನಾನು ಇಂಟರ್‌ನೆಟ್ಟಿನಲ್ಲಿ ಹುಡುಕಿದೆ. ಫ್ರೀಲಾನ್ಸರುಗಳೆಲ್ಲ ಅಂಗಡಿಯ ಸಾಮಾನಿನಂತೆ ಸಾಲಾಗಿ ನಿಂತಿರುವ ಒಂದು ಜಾಲತಾಣದಲ್ಲಿ ಬೆಂಗಳೂರಿನ ವಿಕ್ರಾಂತ್ ಸಿಕ್ಕಿದ. ಹೆಸರಿನ ಮುಂದೆ ಐದು ನಕ್ಷತ್ರ. ವಿಡಿಯೋ ಕರೆಯಲ್ಲಿ ಅವನ ಹಿಂದೆ ಪುಸ್ತಕದ ಕಪಾಟು, ಒಂದು ಹಸಿರು ಗಿಡ. ಇಂಗ್ಲಿಷು ಬೆಣ್ಣೆಯಂತೆ. ನಾನು ಹೇಳಿದ್ದನ್ನೆಲ್ಲ ಇನ್ನೂ ಚೆಂದದ ಪದಗಳಲ್ಲಿ ನನಗೇ ವಾಪಸು ಹೇಳುತ್ತಿದ್ದ. ಅದನ್ನೇ ನಾನು ಜಾಣತನ ಎಂದುಕೊಂಡೆ. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅದನ್ನು ಅನುಭವ ಎಂದುಕೊಂಡೆ. ಮನೆಗೆ ಹೋಗಿ ಯಜಮಾನರ ಹತ್ತಿರ, "ನೋಡಿ, ಆಳು ಅಂದ್ರೆ ಹಿಂಗಿರಬೇಕು" ಅಂದೆ.

ಜೂನ್ ಕೊನೆಗೆ ಆಪ್ ಬಂತು. ಹಸಿರು ಬಣ್ಣ, ಮುಟ್ಟಿದರೆ ಎಲೆ ಅಲ್ಲಾಡುವುದು, ಮೂಲೆಯಲ್ಲಿ ವೆಂಕಟರೆಡ್ಡಿಯವರ ಫೋಟೊ. ಡೆಮೊ ದಿನ ಹದಿನೈದು, ಇಪ್ಪತ್ತೆರಡು, ಇಪ್ಪತ್ತೊಂಬತ್ತನೇ ತಾರೀಕಿನ ಬುಕಿಂಗುಗಳನ್ನು ಹಾಕಿ ನೋಡಿದೆವು, ಎಲ್ಲ ಸರಿ. ರತ್ನಮ್ಮನ ರಿಜಿಸ್ಟರನ್ನು ಯಾರನ್ನೋ ಹಿಡಿದು ಟೈಪು ಮಾಡಿಸಿ ಕಳಿಸಿದೆ, ವಿಕ್ರಾಂತ್ ಅದನ್ನು ಒಳಗೆ ತುಂಬಿಸಿದ. ರತ್ನಮ್ಮನ ಫೋನಿನ ಬದಲು ರೈತರಿಗೆ ಆಪಿನಿಂದ ನನ್ನ ಹೆಸರಿನಲ್ಲಿ ಸಂದೇಶ ಹೋಗತೊಡಗಿತು. ಜುಲೈ ಏಳನೇ ತಾರೀಕು ಮೊದಲ ತಂಡದ ಹುಳು ಆಪಿನ ಪಟ್ಟಿಯಂತೆಯೇ ಹೋದವು. ಒಂದೂ ತಪ್ಪಲಿಲ್ಲ. ಅಂದು ಸಂಜೆಯೇ ಅವನಿಗೆ ನಾನೂ ಐದು ನಕ್ಷತ್ರ ಒತ್ತಿ, ಕೆಳಗೆ ನಾಲ್ಕು ಸಾಲು ಹೊಗಳಿಕೆ ಬರೆದೆ. ಹಣ ಪೂರ್ತಿ ಚುಕ್ತಾ ಮಾಡಿದೆ.

ಮರುದಿನ ಎಂಟನೇ ತಾರೀಕು. ಬೆಳಿಗ್ಗೆಯಿಂದ ಜಿಟಿಜಿಟಿ ಮಳೆ. ವ್ಯಾನಿಗೆ ತಟ್ಟೆಗಳನ್ನು ಏರಿಸುವಾಗ ರತ್ನಮ್ಮ ಪಟ್ಟಿ ಹಿಡಿದುಕೊಂಡು ನನ್ನ ಹತ್ತಿರ ಬಂದಳು.

"ಮೇಡಮ್ಮ, ಇದು ಸರಿ ಕಾಣಲ್ಲ. ಮಂಡಿಕಲ್ ಕಡೆ ಪಿಳ್ಳಮ್ಮ ಮುಂದಿನ ತಿಂಗಳಿಗೆ ಬರ್ಸಿದ್ದು. ಈಗ ತೋಟ ಕಟಿಂಗ್ ಮಾಡ್ಸಿರ್ತಾಳೆ."

"ಕಂಪ್ಯೂಟರ್ ತಪ್ಪು ಹೇಳಲ್ಲ ರತ್ನಮ್ಮ. ನೀನು ಬರ್ಕೊಂಡಿದ್ದೇ ತಪ್ಪಾಗಿರುತ್ತೆ" ಅಂದೆ.

ಅವಳು ಎಂಟು ವರ್ಷದಿಂದ ಆ ರಿಜಿಸ್ಟರ್ ಬರೆಯುತ್ತಿದ್ದವಳು. ಪಟ್ಟಿಯನ್ನು ಡ್ರೈವರನ ಕೈಗೆ ಕೊಟ್ಟಳು. ಮಧ್ಯಾಹ್ನದ ಹೊತ್ತಿಗೆ ಪಿಳ್ಳಮ್ಮ ಅದೇ ಡ್ರೈವರನ ಫೋನಿನಿಂದ ನನಗೆ ಮಾತಾಡಿದಳು. ತೋಟದಲ್ಲಿ ಬರೀ ಮೋಟು ನಿಂತಿವೆ, ಹುಳು ಇಳಿಸಬೇಡಿ ಅಂತ ಹೇಳಿ ಅಂದಳು. ನಾನು ನನ್ನ ಮುಂದಿದ್ದ ಪರದೆ ನೋಡಿಕೊಂಡು, "ಸಿಸ್ಟಮ್ಮಲ್ಲಿ ಇವತ್ತಿಗೇ ಇದೆಯಮ್ಮ. ನೀವೇ ಕೊಟ್ಟಿರೋ ಡೇಟು. ನೀವು ಬೇಡ ಅಂದ್ರೆ ಹುಳ ಎಲ್ಲಿಗೆ ಹಾಕಲಿ?" ಅಂದೆ. "ಆಯ್ತು ಬಿಡಮ್ಮ" ಅಂದಳು ಪಿಳ್ಳಮ್ಮ.

ಆವತ್ತು ಹಾಗೆ ಎಂಟು ಮನೆಗೆ ಹುಳು ಹೋಯಿತು. ಸಂಜೆ ಹೊತ್ತಿಗೆ ಇನ್ನೊಂದು ಗುಂಪು ಆಫೀಸಿಗೆ ಬಂತು. ಸೊಪ್ಪು ಬೆಳೆಸಿಕೊಂಡು, ಮನೆಗೆ ಸುಣ್ಣ ಹೊಡೆದು, ಆವತ್ತು ಹುಳು ಬರುತ್ತದೆಂದು ಕಾದಿದ್ದವರು ಅವರು. ಅವರ ಫೋನಿಗೆ ಆಗಸ್ಟ್ ಏಳು ಎಂದು ಸಂದೇಶ ಹೋಗಿತ್ತು. ವಿಕ್ರಾಂತನಿಗೆ ವಿಡಿಯೋ ಕರೆ ಮಾಡಿದೆ. ನಿಮ್ಮವರು ಟೈಪು ಮಾಡಿದ್ದು ತಪ್ಪಿರಬೇಕು ಎಂದು ಅದೇ ಬೆಣ್ಣೆಯಂಥ ಇಂಗ್ಲಿಷಿನಲ್ಲಿ ಹೇಳಿದ. ನೋಡಿಕೊಡಪ್ಪ ಎಂದೆ. ಅದು ಹೊಸ ಕೆಲಸವಾಗುತ್ತದೆ, ಹೊಸ ಕರಾರು ಮಾಡೋಣ ಅಂದ. ಅವನ ಹಿಂದೆ ಆ ಹಸಿರು ಗಿಡ ಹಾಗೇ ಇತ್ತು. ಒಂದು ಎಲೆಯೂ ಬೆಳೆದಿರಲಿಲ್ಲ. ಅದು ಗಿಡವಲ್ಲ, ಚಿತ್ರ ಎಂದು ಆಗ ಕಂಡಿತು.

ಐದನೇ ದಿನ ಪಿಳ್ಳಮ್ಮನ ಮನೆಗೆ ಹೋದೆ. ನೆರೆಯವರ ತೋಟಗಳಿಂದ ಸೊಪ್ಪು ಬೇಡಿ ತಂದು ಮೂರು ದಿನ ಮೇಯಿಸಿದ್ದಳು. ಆಮೇಲೆ ಅವರಿಗೂ ಸಾಲದೆ ಬಂತು. ಹುಳುವನ್ನು ತಿಪ್ಪೆಗುಂಡಿಗೆ ಸುರಿದು ಮೇಲೆ ಮಣ್ಣು ಎಳೆದಿದ್ದರು. ಹುಳುಮನೆಯ ತಟ್ಟೆಗಳನ್ನು ಅಂಗಳದಲ್ಲಿ ತೊಳೆದು ಒರಗಿಸಿದ್ದರು. ಅವಳು ಬೈಯಲಿಲ್ಲ. ನನಗೆ ಮೆಟ್ಟಿಲ ಮೇಲೆ ಚಾಪೆ ಹಾಕಿ, ತಾನು ನೆಲದಲ್ಲಿ ಕೂತಳು.

"ಹುಳ ಮಣ್ಣಿಗೆ ಹಾಕೋವಾಗ ಇನ್ನೂ ತಲೆ ಎತ್ತಿ ಸೊಪ್ಪು ಹುಡುಕ್ತಿದ್ವು ತಲ್ಲಿ" ಅಂದಳು. ತೆಲುಗೂ ಕನ್ನಡವೂ ಬೆರೆಸಿ ಮಾತಾಡುವವಳು ಅವಳು. ಆಮೇಲೆ, "ನನಗೆ ಗೊತ್ತಿತ್ತು ನಾನು ಕೊಟ್ಟಿದ್ದು ಆ ಡೇಟಲ್ಲ ಅಂತ. ಆದ್ರೆ ಮೆಸೇಜು ಕೆಳಗಡೆ ನಿನ್ನ ಹೆಸರಿತ್ತು. ಮಗಳು ಓದಿ ಹೇಳಿದ್ಳು. ಓದಿರೋಳು, ಸರೋಜಮ್ಮನೇ ಹೇಳ್ತಾವಳೆ ಅಂದ್ರೆ ನಾನೇ ಮರ್ತಿರಬೇಕು ಅಂದ್ಕೊಂಡೆ" ಅಂದಳು.

ನಾನು ಅಲ್ಲಿಂದ ಎದ್ದು ಬಂದದ್ದು ಹೇಗೆಂದು ನೆನಪಿಲ್ಲ. ಬಸ್ಸಿನಲ್ಲಿ ಕೂತಾಗ ಇದ್ದದ್ದು ದುಃಖವಲ್ಲ, ಹೇಸಿಗೆ. ವಿಕ್ರಾಂತನ ಮೇಲಲ್ಲ, ಅವನಂಥವರು ಎಲ್ಲ ಸಂತೆಯಲ್ಲೂ ಇರುತ್ತಾರೆ. ಎರಡು ವಾರ ಕಾಲ ಮೇಲೆ ಕಾಲು ಹಾಕಿಕೊಂಡು ಊರಿನವರನ್ನೆಲ್ಲ ತೂಗಿ, ಕೊನೆಗೆ ಇಂಗ್ಲಿಷು ಚೆನ್ನಾಗಿದ್ದವನನ್ನು ಆರಿಸಿದ ಆ ಹೆಂಗಸಿನ ಮೇಲೆ.

ಮರುದಿನ ಶಿಡ್ಲಘಟ್ಟಕ್ಕೆ ಹೋದೆ. ಶಾಹಿನಾಳ ಮನೆಯ ಕೆಳಗಡೆ ಬಿಸಿನೀರಿನ ಬಾಣಲೆಗಳಲ್ಲಿ ಗೂಡು ಬೇಯುತ್ತಿದ್ದವು, ಚರಕಗಳು ತಿರುಗುತ್ತಿದ್ದವು. ಬೆಂದ ಹುಳುವಿನ ವಾಸನೆಯಲ್ಲೇ ಮೆಟ್ಟಿಲು ಹತ್ತಿದೆ. ಮೇಲೆ ಸಣ್ಣ ಕೋಣೆ, ಒಂದು ಮೇಜು, ಎರಡು ಪರದೆ. ನನ್ನನ್ನು ನೋಡಿ ಅವಳಿಗೆ ಆಶ್ಚರ್ಯವೂ ಆಗಲಿಲ್ಲ, ಸಂತೋಷವೂ ಆಗಲಿಲ್ಲ. ನಾನು ಎಲ್ಲ ಹೇಳಿದೆ, ಪಿಳ್ಳಮ್ಮನದ್ದನ್ನೂ. ಅವಳು ಒಂದು ಹಾಳೆ ಮುಂದೆ ತಳ್ಳಿ, "ತಪ್ಪಾಗಿರೋ ತಾರೀಕು ಎಲ್ಲಾ ಬರೀರಿ. ಪಕ್ಕದಲ್ಲಿ ರಿಜಿಸ್ಟರಲ್ಲಿ ಏನಿತ್ತು ಅಂತ ಬರೀರಿ" ಅಂದಳು.

ಬರೆದುಕೊಟ್ಟೆ. ಅವಳಿಗೆ ಒಂದು ನಿಮಿಷವೂ ಬೇಕಾಗಲಿಲ್ಲ.

"ಹನ್ನೆರಡರ ಮೇಲಿನ ತಾರೀಕು ಒಂದೂ ತಪ್ಪಿಲ್ಲ ನೋಡಿ. ನೀವು 7/8 ಅಂತ ಬರ್ದಿದ್ದೀರ, ಆಗಸ್ಟ್ ಏಳು. ಅದು ಮೊದಲನೇದನ್ನ ತಿಂಗಳು ಅಂತ ಓದ್ಕೊಂಡಿದೆ, ಜುಲೈ ಎಂಟು. ಅಮೆರಿಕದವರು ಹಂಗೇ ಬರೆಯೋದು. ಹದಿನೈದು ಅಂತ ತಿಂಗಳಿಲ್ವಲ್ಲ, ಅದಕ್ಕೇ ಡೆಮೊ ದಿನ ಎಲ್ಲಾ ಸರಿ ಬಂತು."

"ಏಳನೇ ತಾರೀಕೂ ಸರಿ ಹೋಯ್ತಲ್ಲ?" ಅಂದೆ.

"7/7 ಹೆಂಗೆ ಓದಿದ್ರೂ ಜುಲೈ ಏಳೇ ಮೇಡಂ."

ಕೆಳಗೆ ಚರಕಗಳ ಸದ್ದು ನಡೆದೇ ಇತ್ತು. ಮಗ್ಗಿ ಬರುವ ಮಗುವಿಗೂ ಅರ್ಥವಾಗುವ ಇಷ್ಟು ಸಣ್ಣ ವಿಷಯಕ್ಕೆ ಎಂಟು ಮನೆಯ ಹುಳು ಮಣ್ಣಾಗಿತ್ತು. ಇದನ್ನು ಅಲ್ಲಿಂದಲೇ ವಿಕ್ರಾಂತನಿಗೆ ಬರೆದು ಕಳಿಸಿದಾಗ, ತಾರೀಕನ್ನು ಹೇಗೆ ಓದಬೇಕೆಂದು ನೀವು ನಿಮ್ಮ ಬೇಡಿಕೆಯಲ್ಲಿ ತಿಳಿಸಿರಲಿಲ್ಲ ಎಂದು ಒಂದು ಸಾಲಿನ ಉತ್ತರ ಬಂತು. ಶಾಹಿನಾ ಅದನ್ನು ಓದಿ, "ಈ ಆಪ್ ಬರೆದೋರು ಬೇರೆ ಯಾರೋ, ಮಾತಾಡಿದೋರು ಬೇರೆ. ಮಾತಾಡಿದೋರಿಗೆ ಒಳಗಡೆ ಏನಿದೆ ಅಂತಲೂ ಗೊತ್ತಿಲ್ಲ" ಅಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಕೆಟ್ಟದಾಗಿ ಬಿಚ್ಚಿದ ನೂಲನ್ನು ಬೆರಳಲ್ಲಿ ಹಿಡಿದು ನೋಡುವವರ ತಾತ್ಸಾರ ಅದು. ನನ್ನದಕ್ಕಿಂತ ಎಷ್ಟೋ ಶುದ್ಧವಾದದ್ದು. ಕೆಲಸ ಬಲ್ಲವರಿಗೆ ಮಾತ್ರ ಬರುವಂಥದ್ದು.

"ಸರಿ ಮಾಡಿಕೊಡ್ತೀಯೇನಮ್ಮ?" ಅಂದೆ.

"ಇದನ್ನ ಸರಿ ಮಾಡಲ್ಲ. ಬೇರೆ ಮಾಡ್ತೀನಿ. ಅಲ್ಲೀವರೆಗೂ ಆಪ್ ನಿಲ್ಸಿ, ಆ ಅಮ್ಮ ಹಳೇ ಥರ ಫೋನ್ ಮಾಡ್ಲಿ. ನನಗೆ ಒಂದಿನ ಹುಳದ ಮನೆ ನೋಡ್ಬೇಕು. ಪುಸ್ತಕ ನೋಡ್ಬೇಕು. ಇಂಗ್ಲಿಷಲ್ಲಿ ಪ್ರಪೋಸಲ್ ಬರೆಯಕ್ಕೆ ನನಗೆ ಟೈಮಿಲ್ಲ."

ಕೊನೆಯ ಮಾತನ್ನು ಪರದೆಯ ಕಡೆ ನೋಡುತ್ತಲೇ ಹೇಳಿದಳು. ನಾನು ತಲೆ ಆಡಿಸಿದೆ.

ವೆಂಕಟರೆಡ್ಡಿ ಒಪ್ಪಲಿಲ್ಲ. ಆಪ್ ನಿಲ್ಲಿಸಿದರೆ ತಮ್ಮ ಮರ್ಯಾದೆಯ ಪ್ರಶ್ನೆ ಅಂದರು. ಬೆಂಗಳೂರಿನವನೇ ಕೈಬಿಟ್ಟದ್ದನ್ನು ಬಿಚ್ಚಾಣಿಕೆ ಮನೆಯ ಹೆಣ್ಣುಮಗಳು ಏನು ಮಾಡುತ್ತಾಳೆ ಅಂದರು. ಸೊಪ್ಪು ಹಳದಿಯಾದ ರೈತರೆಲ್ಲ ಆವತ್ತು ಆಫೀಸಿನಲ್ಲೇ ಕೂತಿದ್ದರು. "ಬೆಂಗಳೂರಿನೋನ್ನ ಆರಿಸಿದ್ದು ನಾನು. ತಪ್ಪು ನಂದು. ರತ್ನಮ್ಮ ಬೆಳಿಗ್ಗೇನೇ ಹೇಳಿದ್ಳು, ನಾನು ಕೇಳಲಿಲ್ಲ. ಎಂಟು ಮನೆಗೂ ಮುಂದಿನ ಸಾರ್ತಿ ಹುಳ ಬಿಟ್ಟಿ ಕೊಡಣ. ಇಲ್ಲ ಅಂದ್ರೆ ನಾನು ಈಗ್ಲೇ ರಾಜೀನಾಮೆ ಬರೀತೀನಿ" ಅಂದೆ. ರೈತರ ಮುಖ ನೋಡಿದ ಮೇಲೆ ಅಧ್ಯಕ್ಷರು ಒಪ್ಪಿದರು. ಮೊದಲಿನಿಂದಲೂ ತಮಗೆ ಈ ಆಪಿನ ಮೇಲೆ ಅನುಮಾನವಿತ್ತು ಎಂದೂ ಸೇರಿಸಿದರು. ಅಂಥ ಮನುಷ್ಯ.

ಶಾಹಿನಾ ಬಂದದ್ದು ಜುಲೈ ಕೊನೆಯಲ್ಲಿ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಬ್ಲೀಚಿಂಗ್ ಪುಡಿಯ ಮೇಲೆ ಕಾಲೂರಿ, ಕೈ ತೊಳೆದು ಒಳಗೆ ಹೋದಳು. ಇಡೀ ದಿನ ರತ್ನಮ್ಮನ ಹಿಂದೆ ಹಿಂದೆಯೇ ಓಡಾಡಿದಳು. ತಂಪಾದರೆ ಹುಳು ತಡವಾಗಿ ಏಳುತ್ತದೆ, ಸೆಕೆಯಾದರೆ ಬೇಗ. ರಿಜಿಸ್ಟರಿನಲ್ಲಿ ಬರೆದ ತಾರೀಕು ಬರೀ ಅಂದಾಜು, ಕೊನೆಯ ಮಾತು ಹುಳುವಿನದ್ದು. ಅದನ್ನು ನೋಡಿಕೊಂಡೇ ರತ್ನಮ್ಮ ಹಿಂದಿನ ದಿನ ಫೋನು ಮಾಡುತ್ತಿದ್ದದ್ದು. ಇದು ಆಪಿನಲ್ಲಿ ಎಲ್ಲೂ ಇರಲಿಲ್ಲ, ಏಕೆಂದರೆ ಯಾರೂ ಅವಳನ್ನು ಕೇಳಿರಲಿಲ್ಲ.

ಮಧ್ಯಾಹ್ನ ಶಾಹಿನಾ ನನ್ನ ಕಡೆ ತಿರುಗಿ, "ಮೇಡಂ, ಜ್ವರ ಎದ್ದಿದೆ ಅಂತ ಹೆಂಗೆ ಗೊತ್ತಾಗುತ್ತೆ?" ಅಂದಳು.

ನಾಲ್ಕು ವರ್ಷದಿಂದ ಕಾರ್ಯದರ್ಶಿಯಾಗಿದ್ದ ನಾನು ರತ್ನಮ್ಮನ ಮುಖ ನೋಡಿದೆ.

"ತಲೆ ನೋಡ್ಬೇಕಮ್ಮ" ಅಂದಳು ರತ್ನಮ್ಮ. "ಮಲಗಿದ್ರೆ ತಲೆ ಎತ್ಕೊಂಡು ಅಲ್ಲಾಡ್ದಂಗಿರ್ತದೆ, ಮೈ ಬಿಗಿಯಾಗಿ ಹೊಳೀತದೆ. ಎದ್ರೆ ತಲೆ ದಪ್ಪ, ಮೈ ಸುಕ್ಕುಸುಕ್ಕು. ಬಾ ಮೇಡಮ್ಮ, ನೀನೂ ನೋಡು."

ಬಗ್ಗಿ ನೋಡಿದೆ. ತಲೆ ತಿರುಗಿಸಿಯೂ ಹುಳು ನೋಡದ ಕಳವಾರದವನನ್ನು ತಾತ್ಸಾರ ಮಾಡಿದ್ದ ನಾನೂ ಹುಳುವಿನ ತಲೆಯನ್ನು ಮೊದಲ ಸಲ ನೋಡುತ್ತಿದ್ದೆ.

ಅವಳು ಮಾಡಿಕೊಟ್ಟದ್ದರಲ್ಲಿ ಬಣ್ಣವಿಲ್ಲ, ಎಲೆಯಿಲ್ಲ. ರತ್ನಮ್ಮ ತನ್ನ ಫೋನಿನಲ್ಲಿ, ಹುಳು ಎದ್ದಿವೆ ಎಂದು ಕಂಡ ಮೇಲೆ ಒಂದು ಗುಂಡಿ ಒತ್ತಬೇಕು. ಆಮೇಲೆ ಆ ತಂಡದ ರೈತರಿಗೆ ರತ್ನಮ್ಮನದೇ ದನಿಯಲ್ಲಿ, ಕನ್ನಡದಲ್ಲೋ ತೆಲುಗಿನಲ್ಲೋ, ನಾಳೆ ಹುಳು ಬರುತ್ತವೆ, ಸೊಪ್ಪಿದೆಯಾ ಎಂದು ಕೇಳುವ ಕರೆ ಹೋಗುತ್ತದೆ. ಇದೆ ಎಂದವರ ಹೆಸರು ಮಾತ್ರ ವ್ಯಾನಿನ ಪಟ್ಟಿಗೆ ಬರುತ್ತದೆ. ತಿಂಗಳನ್ನು ಅಂಕಿಯಲ್ಲಿ ಬರೆಯುವ ಹಾಗೇ ಇಲ್ಲ. ಅದು ಇಂದಿಗೂ ಓಡುತ್ತಿದೆ. ಕಾಣಿಸುವುದಿಲ್ಲ.

ಎಂಟು ಮನೆಗಳಲ್ಲಿ ಏಳು ಮನೆಯವರು ವಾಪಸು ಬಂದರು. ಪಿಳ್ಳಮ್ಮ ಬರಲಿಲ್ಲ. ಬಿಟ್ಟಿ ಹುಳುವನ್ನೂ ಬೇಡವೆಂದಳು. ಚಿಕ್ಕಬಳ್ಳಾಪುರದ ಕಡೆ ಬೇರೆ ಕೇಂದ್ರದಿಂದ ತರಿಸಿಕೊಳ್ಳುತ್ತೇನೆ ಎಂದು ರತ್ನಮ್ಮನಿಗೆ ಹೇಳಿದಳಂತೆ, ನನಗೆ ಹೇಳಲಿಲ್ಲ. ಸೆಪ್ಟೆಂಬರಿನಲ್ಲಿ ಕೆಲಸ ಒಪ್ಪಿಸುವ ದಿನ ಶಾಹಿನಾಳ ಕೋಣೆಯಲ್ಲಿ ಕೂತು ಹೆಸರುಗಳನ್ನು ಒಂದೊಂದಾಗಿ ತಾಳೆ ನೋಡುತ್ತಿದ್ದೆವು. ಪಿಳ್ಳಮ್ಮನ ಹೆಸರು ಬಂದಾಗ ಅವಳು ನಿಲ್ಲಿಸಿದಳು.

"ಇವರು ಬಿಟ್ರಲ್ವಾ ಮೇಡಂ? ತೆಗೀತೀನಿ."

"ಇರ್ಲಿ ಬಿಡಮ್ಮ. ಮುಂದೆ ಬಂದ್ರೂ ಬರಬಹುದು."

"ಬಂದ್ರೆ ಆಗ ಸೇರ್ಸಣ. ಹುಳ ತಗೊಳ್ದೇ ಇರೋರಿಗೆ ನಮ್ಮ ಫೋನ್ ಹೋಗಬಾರ್ದು. ಬೇಡ ಅಂದೋರನ್ನ ಇಟ್ಕೊಂಡಿದ್ರೆ ಅದು ತಪ್ಪು ಪಟ್ಟಿ" ಅಂದಳು.

ಅವಳು ಕೀಲಿಮಣೆಯನ್ನು ನನ್ನ ಮುಂದಕ್ಕೆ ಸರಿಸಿ, ಯಾವುದನ್ನು ಒತ್ತಬೇಕೆಂದು ತೋರಿಸಿದಳು. ನಾನೇ ಒತ್ತಿದೆ. ಪಟ್ಟಿಯಲ್ಲಿ ಕೆಳಗಿದ್ದ ಹೆಸರುಗಳು ಒಂದು ಸಾಲು ಮೇಲೆ ಬಂದವು.